ಹೊಸ ಪ್ಯಾನೆಲ್ ತರುವ ಮೊದಲು ಹಳೇ ಬ್ಯಾಟರಿಯನ್ನೊಮ್ಮೆ ಕೇಳಿ

ಪ್ರಶ್ನೆ: ನಮ್ಮ ಮನೆಗೆ ಕರೆಂಟಿನ ಲೈನ್ ಇಲ್ಲ. 12 ವರ್ಷದಿಂದ ಸೋಲಾರ್‌ನಲ್ಲೇ ನಡೆಯುತ್ತಿದೆ. 75 ವಾಟಿನ ನಾಲ್ಕು ಪ್ಯಾನೆಲ್, 20 ಆಂಪಿನ ಪಿಡಬ್ಲ್ಯುಎಂ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್‌ಗೂ ಬ್ಯಾಟರಿಗೂ ನಡುವಿನ ಹಳೇ ಥರದ ಡಬ್ಬಿ), 12 ವೋಲ್ಟ್ 150 ಆಂಪ್-ಅವರ್ (ಎಎಚ್) ಇರುವ ಎರಡು ಟ್ಯೂಬ್ಯುಲರ್ ಬ್ಯಾಟರಿ ಸೀರೀಸ್‌ನಲ್ಲಿವೆ, ಅಂದರೆ 24 ವೋಲ್ಟ್ ಸಿಸ್ಟಂ. ಈ ಬ್ಯಾಟರಿ ಹಾಕಿ ನಾಲ್ಕು ವರ್ಷವಾಯಿತು. ಈಗ ರಾತ್ರಿ ಒಂಬತ್ತಕ್ಕೆಲ್ಲ ಇನ್ವರ್ಟರ್ ಬೀಪ್ ಬೀಪ್ ಅನ್ನಲು ಶುರು ಮಾಡುತ್ತದೆ. 540 ವಾಟಿನ ಎರಡು ಹೊಸ ಪ್ಯಾನೆಲ್ ತರೋಣ ಅಂತಿದ್ದೇನೆ. ಹಳೇದರ ಜೊತೆ ಪ್ಯಾರಲಲ್ ಮಾಡಿದರೆ ಸಾಕು ಎಂದು ಅಂಗಡಿಯವರು ಹೇಳುತ್ತಾರೆ. ಮಾಡಬಹುದಾ? ಇನ್ನೊಂದು ಜೊತೆ ಬ್ಯಾಟರಿ ಸೇರಿಸಿದರೆ ಹೇಗೆ? ಹಳೇ ಪ್ಯಾನೆಲ್‌ಗಳನ್ನು ಏನು ಮಾಡಲಿ?

ಉತ್ತರ: ಪ್ಯಾರಲಲ್ ಮಾಡಬೇಡಿ. ಎರಡು ಪ್ಯಾನೆಲ್ ಒಟ್ಟಿಗೆ ತರುವುದೂ ಬೇಡ, ಸದ್ಯಕ್ಕೆ ಒಂದೇ ಸಾಕು. ಅದರ ಜೊತೆಗೆ ಒಂದು ಎಂಪಿಪಿಟಿ ಕಂಟ್ರೋಲರ್, ಅಂದರೆ ಪ್ಯಾನೆಲ್‌ನ ಜಾಸ್ತಿ ವೋಲ್ಟನ್ನು ಆಂಪ್ ಮಾಡಿ ಬ್ಯಾಟರಿಗೆ ಕೊಡುವ ಕಂಟ್ರೋಲರ್, ಬೇಕಾಗುತ್ತದೆ. ಆದರೆ ಇದೆಲ್ಲಕ್ಕೂ ಮೊದಲು ನಿಮ್ಮ ಬ್ಯಾಟರಿ ಇನ್ನೂ ಗಟ್ಟಿಯಾಗಿದೆಯಾ ಅಂತ ನೋಡಬೇಕು. ಬ್ಯಾಟರಿಯೇ ಹೋಗಿದ್ದರೆ ಮನೆ ಮೇಲೆ ಎಷ್ಟು ವಾಟ್ ಹಾಕಿದರೂ ರಾತ್ರಿ ಒಂಬತ್ತರ ಬೀಪ್ ನಿಲ್ಲುವುದಿಲ್ಲ.

ಪ್ಯಾನೆಲ್ ಕೊಳ್ಳುವವರು ಮೊದಲು ನೋಡುವುದು ವಾಟ್. 75 ಎಲ್ಲಿ, 540 ಎಲ್ಲಿ ಅನಿಸುತ್ತದೆ. ಬ್ಯಾಟರಿಗೆ ಆ ಸಂಖ್ಯೆಯಿಂದ ಏನೂ ಆಗಬೇಕಾಗಿಲ್ಲ. ಅದು ಕೇಳುವುದು ಎರಡೇ ಪ್ರಶ್ನೆ: ಎಷ್ಟು ವೋಲ್ಟಿನವರೆಗೆ ಏರಿಸುತ್ತೀರಿ, ಎಷ್ಟು ಆಂಪ್ ಕೊಡುತ್ತೀರಿ. ಹಾಗಾಗಿ ನಾನು ಈ ಲೆಕ್ಕವನ್ನು ಯಾವಾಗಲೂ ಬ್ಯಾಟರಿ ಕಡೆಯಿಂದ ಶುರು ಮಾಡಿ ಪ್ಯಾನೆಲ್ ಕಡೆಗೆ ಹೋಗುತ್ತೇನೆ.

ಒಳ್ಳೆ ಬಿಸಿಲಿದ್ದ ಒಂದು ದಿನ ಆರಿಸಿಕೊಳ್ಳಿ. ಅವತ್ತು ಸಂಜೆ ಲೋಡ್ ಎಲ್ಲ ಆಫ್ ಮಾಡಿ, ಇನ್ವರ್ಟರ್ ಕೂಡ. ಒಂದು ರಾತ್ರಿ ಟಾರ್ಚ್‌ನಲ್ಲಿ ಕಳೆಯಬೇಕಾಗುತ್ತದೆ, ಪರವಾಗಿಲ್ಲ. ಮರುದಿನ ಬಿಸಿಲು ಬರುವ ಮೊದಲು ಮಲ್ಟಿಮೀಟರ್ ಹಿಡಿದು ಎರಡೂ ಬ್ಯಾಟರಿಗಳ ವೋಲ್ಟೇಜನ್ನು ಬೇರೆ ಬೇರೆಯಾಗಿ ನೋಡಿ. 12.7ರ ಹತ್ತಿರ ಇದ್ದರೆ ಪೂರ್ತಿ ತುಂಬಿದೆ ಎಂದರ್ಥ. 12.2 ಇದ್ದರೆ ಅರ್ಧ. ಒಂದು 12.6, ಇನ್ನೊಂದು 12.1 ತೋರಿಸಿದರೆ ಎರಡು ಬ್ಯಾಟರಿಗಳೂ ಬೇರೆ ಬೇರೆ ದಾರಿ ಹಿಡಿದಿವೆ.

ವೋಲ್ಟ್ ಮಾತ್ರ ನಂಬಬೇಡಿ, ಬ್ಯಾಟರಿಯೊಳಗಿನ ಆಸಿಡ್ ಎಷ್ಟು ಸಾಂದ್ರ (ಇದೇ ಗ್ರಾವಿಟಿ) ಎಂದು ಅಳೆಯುವ ಹೈಡ್ರೋಮೀಟರ್ ತನ್ನಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿ. ಹನ್ನೆರಡು ಸೆಲ್ ಇವೆ, ಹನ್ನೆರಡರ ಗ್ರಾವಿಟಿಯನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಆ ಹಾಳೆಯೇ ಅರ್ಧ ಉತ್ತರ ಹೇಳುತ್ತದೆ. ಎಲ್ಲವೂ 1190, 1195, 1200 ಹೀಗೆ ಒಂದೇ ಮಟ್ಟದಲ್ಲಿ ಕೆಳಗಿದ್ದರೆ ಬ್ಯಾಟರಿ ಹಸಿದಿದೆ ಅಷ್ಟೇ, ಸತ್ತಿಲ್ಲ. ಹನ್ನೊಂದು 1230 ಇದ್ದು ಒಂದು ಮಾತ್ರ 1150 ಇದ್ದರೆ ಆ ಸೆಲ್‌ಗೆ ರೋಗ ಬಂದಿದೆ. ಸೆಲ್‌ಗಳ ನಡುವೆ 30 ಪಾಯಿಂಟ್‌ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಅನುಮಾನ ಪಡಬೇಕು. ಪೂರ್ತಿ ತುಂಬಿದಾಗ ಎಷ್ಟಿರಬೇಕು ಎಂಬುದು ಬ್ಯಾಟರಿಯಿಂದ ಬ್ಯಾಟರಿಗೆ ಬೇರೆ, ಸಾಮಾನ್ಯವಾಗಿ 1240ರಿಂದ 1280ರ ನಡುವೆ. ನಿಮ್ಮ ಬ್ಯಾಟರಿಯ ಮೇಲೆ ಬರೆದದ್ದೇ ಕೊನೆ ಮಾತು. ಅಂದ ಹಾಗೆ, ಡಿಸ್ಟಿಲ್ಡ್ ವಾಟರ್ ಹಾಕಿದ ಕೂಡಲೇ ಗ್ರಾವಿಟಿ ನೋಡಲು ಹೋಗಬೇಡಿ. ನೀರು ಮೇಲೇ ನಿಂತಿರುತ್ತದೆ, ಸುಮ್ನೆ ಗಾಬರಿಯಾಗುತ್ತೀರಿ. ಒಂದೆರಡು ದಿನ ಚಾರ್ಜ್ ಆಗಿ ಬೆರೆಯಲಿ.

ನೀವು ಬರೆದ ಅಂಕಿ ನೋಡಿದರೆ ನಿಮ್ಮದು ಹಸಿದ ಬ್ಯಾಟರಿಯೇ ಇರಬೇಕು ಎಂದು ನನ್ನ ಅಂದಾಜು. ಯಾಕೆ ಅಂತ ಹೇಳುತ್ತೇನೆ. 75 ವಾಟಿನ ಪ್ಯಾನೆಲ್ ಹೊಸದಿದ್ದಾಗ 4.4 ಆಂಪ್ ಕೊಡುತ್ತದೆ. ಎರಡೆರಡು ಸೀರೀಸ್, ಆ ಎರಡು ಜೋಡಿ ಪ್ಯಾರಲಲ್, ಒಟ್ಟು 8.8 ಆಂಪ್. 12 ವರ್ಷದಲ್ಲಿ ಪ್ಯಾನೆಲ್ ಹತ್ತು ಪರ್ಸೆಂಟ್‌ನಷ್ಟಾದರೂ ಇಳಿದಿರುತ್ತದೆ. 8 ಆಂಪ್ ಅನ್ನೋಣ. ದಿನಕ್ಕೆ ಐದು ತಾಸಿನ ಪೂರ್ತಿ ಬಿಸಿಲಿನ ಲೆಕ್ಕ ಹಿಡಿದರೆ 40 ಆಂಪ್-ಅವರ್. ನೀವು ರಾತ್ರಿ ಅರ್ಧ ಬ್ಯಾಟರಿ ಖರ್ಚು ಮಾಡಿದರೆ 75 ಆಂಪ್-ಅವರ್ ಹೋಯಿತು. ಲೆಡ್ ಆಸಿಡ್ ಬ್ಯಾಟರಿ ತೆಗೆದಷ್ಟನ್ನೇ ಕೊಟ್ಟರೆ ತುಂಬುವುದಿಲ್ಲ, ಹತ್ತಿಪ್ಪತ್ತು ಪರ್ಸೆಂಟ್ ಜಾಸ್ತಿ ಕೇಳುತ್ತದೆ. 85 ಬೇಕಾದಲ್ಲಿ 40 ಬರುತ್ತಿದೆ. ಅದರಲ್ಲೂ ಹಗಲಿನ ಫ್ಯಾನು, ಟಿವಿ ಕಳೆಯಬೇಕು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಹಾಗೆ. ಸಿಸ್ಟಂ ಹಾಕಿದ ಮೊದಲ ದಿನದಿಂದಲೇ ನಿಮ್ಮ ಪ್ಯಾನೆಲ್ ಕಮ್ಮಿ ಇತ್ತು. ಆ ಕಾಲದಲ್ಲಿ ಪ್ಯಾನೆಲ್ ದುಬಾರಿ, ಹಾಗಾಗಿ ಎಲ್ಲರೂ ಪ್ಯಾನೆಲ್‌ನಲ್ಲಿ ಉಳಿಸುತ್ತಿದ್ದರು. ಯಾರ ತಪ್ಪೂ ಅಲ್ಲ.

ಹೀಗೆ ದಿನಾ ಅರ್ಧ ಹೊಟ್ಟೆಯಲ್ಲಿರುವ ಬ್ಯಾಟರಿಯ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಇದೇ ಸಲ್ಫೇಷನ್. ಶುರುವಿನಲ್ಲಿ ಒಳ್ಳೆ ಚಾರ್ಜ್ ಕೊಟ್ಟರೆ ಕರಗುತ್ತದೆ, ತುಂಬ ದಿನ ಬಿಟ್ಟರೆ ಕರಗುವುದಿಲ್ಲ. ಅದಕ್ಕೇ ಹಾಳೆ, ಹೈಡ್ರೋಮೀಟರ್ ಅಂತ ಇಷ್ಟು ಹೇಳಿದ್ದು.

ಈಗ ಪ್ಯಾನೆಲ್ ವಿಷಯಕ್ಕೆ ಬರೋಣ. ನಿಮ್ಮ ಹಳೇ ಪ್ಯಾನೆಲ್ ಅನ್ನು ಒಮ್ಮೆ ಹತ್ತಿರದಿಂದ ನೋಡಿ. ಕರಿ-ನೀಲಿ ಚೌಕಗಳನ್ನು ಎಣಿಸಿದರೆ 36 ಸಿಗುತ್ತವೆ. 36 ಯಾಕೆ, 30 ಅಥವಾ 40 ಯಾಕಲ್ಲ? ಒಂದು ಸಿಲಿಕಾನ್ ಸೆಲ್ ಕೆಲಸ ಮಾಡುವಾಗ ಸುಮಾರು ಅರ್ಧ ವೋಲ್ಟ್ ಕೊಡುತ್ತದೆ. 36 ಸೇರಿದರೆ 17, 18 ವೋಲ್ಟ್. ಬಿಸಿಲಿಗೆ ಕಾದಾಗ ಅದು 14.5, 15ಕ್ಕೆ ಇಳಿಯುತ್ತದೆ. 12 ವೋಲ್ಟಿನ ಬ್ಯಾಟರಿಯನ್ನು ತುಂಬಿಸಲು 14.4 ಬೇಕು. ಅಂದರೆ ಬೇಸಗೆಯಲ್ಲೂ ಹೇಗೋ ಮುಟ್ಟುವಷ್ಟು, ಚಳಿಯಲ್ಲಿ ಸಾಕಷ್ಟು. ಬ್ಯಾಟರಿಯನ್ನು ಎದುರಿಗಿಟ್ಟುಕೊಂಡೇ ಆ ಪ್ಯಾನೆಲ್ ಮಾಡಿದ್ದರು. 12 ವೋಲ್ಟ್ ಪ್ಯಾನೆಲ್ ಎಂಬ ಹೆಸರು ಬಂದಿದ್ದೂ ಹಾಗೇ, ಅದರಿಂದ 12 ವೋಲ್ಟ್ ಬರುತ್ತದೆ ಅಂತಲ್ಲ.

ಆಮೇಲೆ ಪ್ಯಾನೆಲ್‌ಗಳೆಲ್ಲ ಗ್ರಿಡ್‌ಗೆ, ಅಂದರೆ ಕರೆಂಟಿನ ಲೈನಿಗೆ, ಹೊರಟವು. ಅಲ್ಲಿ ಬ್ಯಾಟರಿಯೇ ಇಲ್ಲ, ಹತ್ತಾರು ಪ್ಯಾನೆಲ್‌ಗಳನ್ನು ಸೀರೀಸ್ ಮಾಡಿ ಇನ್ವರ್ಟರ್‌ಗೆ ಕೊಡುತ್ತಾರೆ. ಒಂದು ಪ್ಯಾನೆಲ್‌ನಲ್ಲಿ 60 ಸೆಲ್ ಇದ್ದರೇನು, 72 ಇದ್ದರೇನು, ಯಾರಿಗೂ ಚಿಂತೆಯಿಲ್ಲ. ನೀವು ನೋಡಿಬಂದ 540 ವಾಟಿನದರಲ್ಲಿ ಅರ್ಧಕ್ಕೆ ಕತ್ತರಿಸಿದ 144 ಸೆಲ್ ಇರುತ್ತವೆ, ಲೆಕ್ಕಕ್ಕೆ 72 ಸೆಲ್ ಎಂದೇ ಹಿಡಿಯಬೇಕು. ಅದರ ಹಿಂದಿನ ಸ್ಟಿಕ್ಕರ್ ಓದಿ. ವಿಎಂಪಿ, ಅಂದರೆ ಕೆಲಸ ಮಾಡುವ ವೋಲ್ಟೇಜ್, ಸುಮಾರು 41. ವಿಓಸಿ, ಅಂದರೆ ಏನೂ ಜೋಡಿಸದೆ ಖಾಲಿ ಬಿಟ್ಟಾಗಿನ ವೋಲ್ಟೇಜ್, ಸುಮಾರು 50. ಕರೆಂಟ್ 13 ಆಂಪ್, ಶಾರ್ಟ್ ಮಾಡಿದರೆ 14ರ ಹತ್ತಿರ. ವಾಟ್ ಬಿಟ್ಟು ಈ ನಾಲ್ಕು ಸಂಖ್ಯೆ ಬರೆದುಕೊಂಡು ಬನ್ನಿ.

ಅಂಗಡಿಯವರ ಮಾತನ್ನು ಈಗ ಲೆಕ್ಕ ಹಾಕಿ ನೋಡೋಣ. ನಿಮ್ಮ ಪಿಡಬ್ಲ್ಯುಎಂ ಕಂಟ್ರೋಲರ್ ಅಂದರೆ ಬೇಗ ಬೇಗ ಹಾಕಿ ತೆಗೆಯುವ ಒಂದು ಸ್ವಿಚ್, ಅಷ್ಟೇ. ಪ್ಯಾನೆಲ್ ಅನ್ನು ನೇರ ಬ್ಯಾಟರಿಗೆ ಕಟ್ಟುತ್ತದೆ, ತುಂಬಿದಾಗ ಬಿಡಿಸುತ್ತದೆ. ಕಟ್ಟಿದ ಕೂಡಲೇ ಪ್ಯಾನೆಲ್‌ನ 41 ವೋಲ್ಟ್ ಜಾರಿ ಬ್ಯಾಟರಿಯ 26ಕ್ಕೆ ಬಂದು ಕೂರುತ್ತದೆ. ಕರೆಂಟ್ ಮಾತ್ರ ಅದೇ 13 ಆಂಪ್. 13 ಗುಣಿಸು 26, 338 ವಾಟ್. ನೀವು ದುಡ್ಡು ಕೊಟ್ಟಿದ್ದು 540ಕ್ಕೆ. ಚಿಲ್ಲರೆ ಇಲ್ಲ ಅಂತ ಉಳಿದದ್ದನ್ನು ಜೇಬಿಗಿಳಿಸುವ ಕಂಡಕ್ಟರ್ ಇದ್ದ ಹಾಗೆ ಈ ಕಂಟ್ರೋಲರ್. ಎಂಪಿಪಿಟಿ ಚಿಲ್ಲರೆ ಸರಿಯಾಗಿ ಕೊಡುತ್ತದೆ: ಜಾಸ್ತಿ ಇರುವ ವೋಲ್ಟನ್ನು ಇಳಿಸಿ, ಅದರ ಬದಲಿಗೆ ಆಂಪ್ ಏರಿಸುತ್ತದೆ.

ನಷ್ಟ ಆದರೆ ಆಗಲಿ ಅಂದುಕೊಂಡರೂ ನಿಮ್ಮ ಕಂಟ್ರೋಲರ್ ಇದನ್ನು ತಡೆಯುವುದಿಲ್ಲ. ಹಳೇ ಪ್ಯಾನೆಲ್‌ಗಳ ಶಾರ್ಟ್ ಸರ್ಕ್ಯೂಟ್ ಕರೆಂಟ್ 9.6, ಹೊಸದು ಒಂದೇ ಸೇರಿಸಿದರೂ 14. ಒಟ್ಟು 23.6. ಕಂಟ್ರೋಲರ್ 20 ಆಂಪಿನದು. ಪಿಡಬ್ಲ್ಯುಎಂನಲ್ಲಿ ಪ್ಯಾನೆಲ್ ಕೊಟ್ಟ ಆಂಪ್ ಎಲ್ಲ ಅದರೊಳಗಿಂದಲೇ ಹಾಯುತ್ತದೆ, ಬೇಡ ಅನ್ನುವ ಶಕ್ತಿ ಅದಕ್ಕಿಲ್ಲ. ಎರಡು ಹೊಸ ಪ್ಯಾನೆಲ್ ಹಾಕಿದರಂತೂ 37 ದಾಟುತ್ತದೆ. ಸಾಲದ್ದಕ್ಕೆ ವೋಲ್ಟೇಜ್. ಇಂಥ ಹಳೇ 24 ವೋಲ್ಟ್ ಕಂಟ್ರೋಲರ್‌ಗಳಲ್ಲಿ ಹಲವಕ್ಕೆ ಪ್ಯಾನೆಲ್ ಕಡೆ 50 ಅಥವಾ 55 ವೋಲ್ಟೇ ಮಿತಿ. ಹೊಸ ಪ್ಯಾನೆಲ್ ಚಳಿಯ ಬೆಳಿಗ್ಗೆ 53 ತೋರಿಸುತ್ತದೆ.

ಸೀರೀಸ್ ಮಾಡಿದರೆ ಇನ್ನೂ ಕೆಟ್ಟದು. ಸೀರೀಸ್‌ನಲ್ಲಿ ಎಲ್ಲರೂ ಕಡಿಮೆ ಕರೆಂಟಿನವನ ಹೆಜ್ಜೆಗೇ ನಡೆಯಬೇಕು. 13 ಆಂಪಿನ ಪ್ಯಾನೆಲ್ 4.4ಕ್ಕೆ ಇಳಿದರೆ 540 ವಾಟಿನದು 180 ವಾಟಿನದಾಗುತ್ತದೆ.

ಇಲ್ಲೊಂದು ನನ್ನದೇ ತಪ್ಪಿನ ಕಥೆ ಹೇಳಬೇಕು. ನಿಮ್ಮಂಥದೇ 24 ವೋಲ್ಟ್ ಸಿಸ್ಟಂ, ಪಿಡಬ್ಲ್ಯುಎಂ ಕಂಟ್ರೋಲರ್. ನಾನು ಅದಕ್ಕೆ 250 ವಾಟಿನ, 60 ಸೆಲ್ಲಿನ ಪ್ಯಾನೆಲ್ ಹಾಕಿಕೊಟ್ಟಿದ್ದೆ. ವಿಎಂಪಿ 30.5. ಬ್ಯಾಟರಿಗೆ 28.8 ಬೇಕು, 30.5 ಇದೆ, ಸರಿಯಾಯಿತಲ್ಲ ಅಂದುಕೊಂಡೆ. ಹಾಕಿದ್ದು ಚಳಿಗಾಲದಲ್ಲಿ. ಚೆನ್ನಾಗಿ ನಡೆಯಿತು. ಬೇಸಗೆಯಲ್ಲಿ ಫೋನ್ ಬಂತು, ಬ್ಯಾಟರಿ ತುಂಬುತ್ತಲೇ ಇಲ್ಲ ಸರ್ ಅಂತ. ಮಧ್ಯಾಹ್ನ ಒಂದೂವರೆಗೆ ಹೋದೆ. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಪ್ಯಾನೆಲ್ ಹಿಂದೆ ಕೈಯಿಟ್ಟರೆ ಎರಡು ಸೆಕೆಂಡ್ ಇಡಲಾಗಲಿಲ್ಲ. ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 27.6 ವೋಲ್ಟ್, ಪ್ಯಾನೆಲ್ ಹತ್ತಿರ 28.7. ನಡುವಿನ ಸಣ್ಣ ವೈರ್ ಒಂದು ವೋಲ್ಟನ್ನು ನುಂಗಿತ್ತು. 8 ಆಂಪ್ ಬರಬೇಕಾದಲ್ಲಿ 4 ಬರುತ್ತಿತ್ತು.

ಆಗಿದ್ದಿಷ್ಟೇ. ಸ್ಟಿಕ್ಕರ್‌ನಲ್ಲಿ ಬರೆದ ವೋಲ್ಟೇಜ್ ಸೆಲ್ 25 ಡಿಗ್ರಿ ಇದ್ದಾಗಿನದು. ಬಿಸಿಲಲ್ಲಿ ಸೆಲ್ 65, 70 ಡಿಗ್ರಿ ಮುಟ್ಟುತ್ತದೆ. ಆಗ 30.5 ಅನ್ನುವುದು 25ರ ಆಸುಪಾಸಿಗೆ ಬಂದಿರುತ್ತದೆ. ಅದಕ್ಕಿಂತ ಮೇಲಿನ ವೋಲ್ಟೇಜಿಗೆ ದೂಡಲು ಹೋದರೆ ಕರೆಂಟ್ ಸರಸರ ಇಳಿಯುತ್ತದೆ. ಬ್ಯಾಟರಿ ಮುಕ್ಕಾಲು ತುಂಬಿ, ಕೊನೆಯ ಕಾಲು ಭಾಗಕ್ಕೆ ವೋಲ್ಟೇಜ್ ಬೇಕಾದ ಹೊತ್ತಿಗೆ ಸರಿಯಾಗಿ ಪ್ಯಾನೆಲ್ ಕೈಕೊಡುತ್ತದೆ. ಸಂಜೆ ಪ್ಯಾನೆಲ್ ತಣ್ಣಗಾಗಿ ವೋಲ್ಟೇಜ್ ವಾಪಸ್ ಬರುವಾಗ ಬಿಸಿಲೇ ಇಲ್ಲ. ಆ ಪ್ಯಾನೆಲ್ ತೆಗೆದು ನನ್ನ ಖರ್ಚಿನಲ್ಲೇ ಬೇರೆ ಹಾಕಿಕೊಟ್ಟೆ. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ: ವಿಎಂಪಿಯಲ್ಲಿ ಆರನೇ ಒಂದು ಭಾಗ ಕಳೆದು, ಉಳಿದದ್ದರಲ್ಲಿ ಬ್ಯಾಟರಿ ತುಂಬುತ್ತದೆಯಾ ನೋಡುವುದು. ಹೊಸ 41 ವೋಲ್ಟಿನ ಪ್ಯಾನೆಲ್ ಅಷ್ಟು ಕಳೆದರೂ 34, 35 ಉಳಿಸುತ್ತದೆ. ಎಂಪಿಪಿಟಿ ಕೆಲಸ ಮಾಡಲು ಬ್ಯಾಟರಿಗಿಂತ ನಾಲ್ಕೈದು ವೋಲ್ಟ್ ಮೇಲಿದ್ದರೆ ಸಾಕು. ಹಾಗಾಗಿ 24 ವೋಲ್ಟ್ ಬ್ಯಾಟರಿಗೆ ಈ ಪ್ಯಾನೆಲ್ ಒಂದೇ ಇದ್ದರೂ ನಡೆಯುತ್ತದೆ. 60 ಸೆಲ್ಲಿನ ಅಥವಾ 120 ಅರ್ಧ ಸೆಲ್ಲಿನ ಪ್ಯಾನೆಲ್ ಸಿಕ್ಕಿದರೆ, ಎಂಪಿಪಿಟಿ ಇದ್ದರೂ, ಒಂದನ್ನೇ ಹಾಕಬೇಡಿ.

ಹಾಗಾದರೆ ಒಂದೇ ಯಾಕೆ, ಎರಡು ಯಾಕೆ ಬೇಡ? ಮತ್ತೆ ಬ್ಯಾಟರಿ ಕಡೆಯಿಂದ ಬನ್ನಿ. ಟ್ಯೂಬ್ಯುಲರ್ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಭಾಗ ಚಾರ್ಜಿಂಗ್ ಕರೆಂಟ್ ಹಿತ. ನಿಮ್ಮದಕ್ಕೆ 15 ಆಂಪ್. ಐದನೇ ಒಂದು ಭಾಗ, ಅಂದರೆ 30 ಆಂಪ್ ದಾಟಿಸಲು ನಾನು ಯಾವತ್ತೂ ಬಿಡುವುದಿಲ್ಲ. ಬ್ಯಾಟರಿ ಬಿಸಿಯಾಗುತ್ತದೆ, ಕುದಿದ ಹಾಗೆ ಗುಳ್ಳೆ ಬರುತ್ತದೆ, ವಾರಕ್ಕೊಮ್ಮೆ ನೀರು ಕೇಳುತ್ತದೆ. ಒಂದು 540 ವಾಟಿನ ಪ್ಯಾನೆಲ್, ಬಿಸಿ, ಧೂಳು ಎಲ್ಲ ಕಳೆದು ಮಧ್ಯಾಹ್ನ ಸುಮಾರು 420 ವಾಟ್ ಕೊಡುತ್ತದೆ. 27 ವೋಲ್ಟಿನ ಬ್ಯಾಟರಿಗೆ ಅದು 15 ಆಂಪ್ ಚಿಲ್ಲರೆ. ಹಳೇ ಪ್ಯಾನೆಲ್‌ಗಳ 8 ಸೇರಿಸಿದರೆ 23. ಮಾಡಿಸಿಟ್ಟ ಹಾಗಿದೆ ಅಲ್ವಾ? ಎರಡು ಹಾಕಿದರೆ 38 ಆಗುತ್ತದೆ. ದಿನದ ಲೆಕ್ಕಕ್ಕೆ ಬಂದರೆ ಹೊಸ ಪ್ಯಾನೆಲ್ ಒಂದರಿಂದಲೇ 75 ಆಂಪ್-ಅವರ್‌ನಷ್ಟು ಸಿಗುತ್ತದೆ, ಹಳೇದರ 40 ಸೇರಿ 115. ರಾತ್ರಿ ಕಳೆದ 85 ತುಂಬಿ, ಹಗಲಿನ ಖರ್ಚಿಗೂ ಉಳಿಯುತ್ತದೆ.

ಎರಡನೇ ಪ್ಯಾನೆಲ್ ಬೇಡವೇ ಬೇಡ ಅಂತಲ್ಲ. ಮೋಡ ಮುಚ್ಚಿದ ದಿನ ಗೆಲ್ಲುವವರು ಪ್ಯಾನೆಲ್ ಜಾಸ್ತಿ ಇರುವವರೇ. ಬ್ಯಾಟರಿಗೆ ಹೋಗುವ ಕರೆಂಟಿಗೆ ಮಿತಿ ಹಾಕುವ ಸೆಟ್ಟಿಂಗ್ ಕಂಟ್ರೋಲರ್‌ನಲ್ಲಿದ್ದರೆ, 20 ಆಂಪ್ ಎಂದು ಕಟ್ಟಿಹಾಕಿ, ಎರಡನೇ ಪ್ಯಾನೆಲ್ ಧಾರಾಳವಾಗಿ ಹಾಕಬಹುದು. ಬಿಸಿಲಿನ ದಿನ ಸ್ವಲ್ಪ ವ್ಯರ್ಥವಾಗುತ್ತದೆ, ಮೋಡದ ದಿನ ಉಪಯೋಗಕ್ಕೆ ಬರುತ್ತದೆ. ಆದರೆ ಮೊದಲು ಒಂದರಲ್ಲಿ ಎರಡು ತಿಂಗಳು ನಡೆಸಿ, ಆಮೇಲೆ ಯೋಚಿಸಿ. ಇನ್ನೊಂದು ವಿಷಯ, ಈ ಪ್ಯಾನೆಲ್ ಹತ್ತಿರಹತ್ತಿರ 2.3 ಮೀಟರ್ ಉದ್ದ, 1.1 ಮೀಟರ್ ಅಗಲ, 27, 28 ಕಿಲೋ ತೂಕ ಇರುತ್ತದೆ. ಎರಡೂ ಕಡೆ ಗಾಜಿರುವುದಾದರೆ 30 ದಾಟುತ್ತದೆ. 75 ವಾಟಿನದಕ್ಕೆ ಮಾಡಿದ ಹಳೇ ಸ್ಟ್ಯಾಂಡ್ ಇದನ್ನು ಹೊರಬಹುದು, ಗಾಳಿಗೆ ತಡೆಯುವುದಿಲ್ಲ.

ಕಂಟ್ರೋಲರ್ ಕೊಳ್ಳುವಾಗ ಹೆದರಬೇಕಾದ ಸಂಖ್ಯೆ ಒಂದೇ, ಪ್ಯಾನೆಲ್ ಕಡೆಯ ಗರಿಷ್ಠ ವೋಲ್ಟೇಜ್. ಪ್ಯಾನೆಲ್ ವಾಟ್ ಸ್ವಲ್ಪ ಜಾಸ್ತಿಯಾದರೆ ಒಳ್ಳೆ ಎಂಪಿಪಿಟಿ ತನ್ನ ಮಿತಿಗೆ ನಿಂತುಕೊಳ್ಳುತ್ತದೆ. ವೋಲ್ಟ್ ಜಾಸ್ತಿಯಾದರೆ ಒಂದೇ ಏಟಿಗೆ ಸುಟ್ಟುಹೋಗುತ್ತದೆ. 25 ಡಿಗ್ರಿಗಿಂತ ಕೆಳಗೆ ಹೋದ ಪ್ರತಿ ಡಿಗ್ರಿಗೆ ವಿಓಸಿ 0.3 ಪರ್ಸೆಂಟ್ ಏರುತ್ತದೆ ಎಂದು ಹಿಡಿಯಿರಿ. ಬೆಳಗಿನ 5 ಡಿಗ್ರಿ ಚಳಿಗೆ 6 ಪರ್ಸೆಂಟ್, 50 ಇದ್ದದ್ದು 53. ಅಂಥ ಎರಡು ಸೀರೀಸ್‌ನಲ್ಲಿದ್ದರೆ 106. 100 ವೋಲ್ಟಿನ ಕಂಟ್ರೋಲರ್ ಇಡೀ ಬೇಸಗೆ ಸುಮ್ಮನಿದ್ದು, ಚಳಿಗಾಲದ ಒಂದು ಬೆಳಿಗ್ಗೆ ಸೂರ್ಯ ಹುಟ್ಟುತ್ತಿದ್ದ ಹಾಗೆ ಸಾಯುವುದು ಈ ಆರು ವೋಲ್ಟಿನಿಂದ. ನಿಮಗೆ ನನ್ನ ಸಲಹೆ 100 ವೋಲ್ಟ್, 30 ಆಂಪಿನದು. ಮುಂದೆ ಎರಡನೇ ಪ್ಯಾನೆಲ್ ಬಂದರೆ ಎರಡನ್ನೂ ಪ್ಯಾರಲಲ್ ಮಾಡಿ, ಆಗಲೂ 53 ದಾಟುವುದಿಲ್ಲ. ಆಗ ಶಾರ್ಟ್ ಸರ್ಕ್ಯೂಟ್ ಕರೆಂಟ್ 28 ಆಗುತ್ತದೆ, ಅದಕ್ಕೆ ಅವಕಾಶ ಇದೆಯಾ ಎಂದು ಕಂಟ್ರೋಲರ್ ಪುಸ್ತಕದಲ್ಲಿ ಮೊದಲೇ ನೋಡಿಕೊಂಡಿರಿ.

ಮೇಲೆ ಎಂಪಿಪಿಟಿ ಅಂತ ಅಚ್ಚು ಹಾಕಿ ಒಳಗೆ ಪಿಡಬ್ಲ್ಯುಎಂ ಇಟ್ಟು ಮಾರುವುದೂ ಉಂಟು. ಅಸಲಿಯದರಲ್ಲಿ ತಾಮ್ರದ ಸುರುಳಿ, ಹೀಟ್ ಸಿಂಕ್ ಇರುವುದರಿಂದ ಕೈಗೆ ತೂಕ ಸಿಗುತ್ತದೆ. ಸೋಪಿನ ಡಬ್ಬಿಯ ಹಾಗೆ ಹಗುರ ಇದ್ದರೆ ಅನುಮಾನಪಡಿ. ಪರೀಕ್ಷೆ ಸುಲಭ. ಡಿಸಿ ಅಳೆಯುವ ಕ್ಲಾಂಪ್ ಮೀಟರನ್ನು ಮೊದಲು ಪ್ಯಾನೆಲ್ ವೈರಿಗೆ, ಆಮೇಲೆ ಬ್ಯಾಟರಿ ವೈರಿಗೆ ಹಾಕಿ. ಪ್ಯಾನೆಲ್ ಕಡೆ 12 ಆಂಪ್, ಬ್ಯಾಟರಿ ಕಡೆ 15 ಬಂದರೆ ಅಸಲಿ. ಎರಡೂ ಕಡೆ 12 ಇದ್ದರೆ ವಾಪಸ್ ಕೊಟ್ಟು ಬನ್ನಿ.

ಹಳೇ ಪ್ಯಾನೆಲ್‌ಗಳನ್ನು ಬಿಸಾಡಬೇಡಿ. ಹಳೇ ಪಿಡಬ್ಲ್ಯುಎಂ ಕೂಡ. ಅವರ ಸಂಸಾರ ಅವರದು, ಹಾಗೇ ನಡೆಯಲಿ. ಹೊಸ ಪ್ಯಾನೆಲ್‌ಗೆ ಹೊಸ ಕಂಟ್ರೋಲರ್. ಎರಡೂ ಕಂಟ್ರೋಲರ್ ಬಂದು ಸೇರುವುದು ಬ್ಯಾಟರಿಯ ಟರ್ಮಿನಲ್‌ನಲ್ಲಿ ಮಾತ್ರ. ಎರಡರಲ್ಲೂ ಬೂಸ್ಟ್ ವೋಲ್ಟೇಜ್ (ಬ್ಯಾಟರಿ ತುಂಬಿಸುವಾಗಿನದು) 28.8, ಫ್ಲೋಟ್ (ತುಂಬಿದ ಮೇಲೆ ಹಾಗೇ ಹಿಡಿದಿಡುವುದು) 27.2ರ ಸುತ್ತ ಒಂದೇ ಥರ ಇಡಿ, ಬ್ಯಾಟರಿ ಕಂಪನಿ ಬೇರೆ ಹೇಳಿದ್ದರೆ ಅದನ್ನೇ ಇಡಿ. ಒಂದು ಕಂಟ್ರೋಲರ್ ಬೇಗ ಫ್ಲೋಟ್‌ಗೆ ಹೋದರೆ ಜಗಳವೇನಿಲ್ಲ, ಇನ್ನೊಂದು ಕೆಲಸ ಮುಗಿಸುತ್ತದೆ. ಒಂದು ಎಚ್ಚರಿಕೆ ಮಾತ್ರ ಇದೆ. ಹಳೇ ಪಿಡಬ್ಲ್ಯುಎಂಗಳಲ್ಲಿ ಹಲವು ಒಳಗೆ ಪಾಸಿಟಿವ್ ಅನ್ನು ಒಂದು ಮಾಡಿರುತ್ತವೆ, ಎಂಪಿಪಿಟಿಗಳು ಸಾಮಾನ್ಯವಾಗಿ ನೆಗೆಟಿವ್ ಅನ್ನು. ಹಾಗಾಗಿ ವೈರ್ ಉಳಿಸಲು ಎರಡು ಕಡೆಯ ಪ್ಯಾನೆಲ್ ನೆಗೆಟಿವ್‌ಗಳನ್ನು ಸೇರಿಸಿ ಒಂದೇ ವೈರ್ ಎಳೆಯಬೇಡಿ. ಮೇಲಿನಿಂದ ಕೆಳಗಿನವರೆಗೆ ಬೇರೆ ಬೇರೆ ಬರಲಿ. ಹಳೇ ಪ್ಯಾನೆಲ್‌ಗಳ ಹಿಂದಿನ ಜಂಕ್ಷನ್ ಬಾಕ್ಸ್ ಬಿಚ್ಚಿ, ತುಕ್ಕು ಹಿಡಿದ ಸ್ಕ್ರೂ, ಕರಗಿದ ಪ್ಲಾಸ್ಟಿಕ್ ಇದೆಯಾ ನೋಡಿ. ಸೆಲ್ ಮೇಲೆ ಕಂದು ಬಣ್ಣ ಬಂದಿದ್ದರೆ ಚಿಂತೆಯಿಲ್ಲ, ವಯಸ್ಸಾಯಿತು ಅಷ್ಟೇ. ಒಂದು ಕಡೆ ಮಾತ್ರ ಸುಟ್ಟ ಕಲೆ ಇದ್ದರೆ ಆ ಪ್ಯಾನೆಲ್ ಇಳಿಸಿ.

ಬ್ಯಾಟರಿ ಸೇರಿಸುವ ವಿಷಯ: ಬೇಡ. ನಾಲ್ಕು ವರ್ಷದ ಬ್ಯಾಟರಿಯ ಪಕ್ಕ ಹೊಸದನ್ನು ಕಟ್ಟಿದರೆ ಹಳೇದು ಬೇಗ ಇಳಿದು ಹೊಸದನ್ನೂ ಎಳೆಯುತ್ತದೆ. ನಿಮ್ಮ ತೊಂದರೆ ಬ್ಯಾಟರಿ ಸಾಲದ್ದಲ್ಲ, ಇರುವುದು ತುಂಬದೇ ಇರುವುದು. ಇನ್ನೆರಡು ಸೇರಿಸಿದರೆ ಹಸಿದವರ ಸಂಖ್ಯೆ ಜಾಸ್ತಿಯಾಗುತ್ತದೆ. ಪರೀಕ್ಷೆಯಲ್ಲಿ ಒಂದು ಸೆಲ್ ಸತ್ತಿದೆ ಎಂದು ಗೊತ್ತಾದರೆ ಎರಡೂ ಬ್ಯಾಟರಿ ಒಟ್ಟಿಗೆ ಬದಲಿಸಿ, ಒಂದನ್ನಲ್ಲ. ಆಗ ಲಿಥಿಯಂ ಯೋಚನೆ ಬಂದರೆ ಅದೂ ಆಗಬಹುದು. ಎಂಪಿಪಿಟಿ ಕೊಳ್ಳುವಾಗಲೇ ಲಿಥಿಯಂ ಸೆಟ್ಟಿಂಗ್ ಇರುವುದನ್ನು ತಂದಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಈಕ್ವಲೈಸ್ (ಎಲ್ಲ ಸೆಲ್ ಒಂದೇ ಮಟ್ಟಕ್ಕೆ ಬರಲಿ ಅಂತ ಬೇಕೆಂದೇ ಜಾಸ್ತಿ ವೋಲ್ಟೇಜಿನಲ್ಲಿ ಚಾರ್ಜ್) ಮಾಡುವ ಹಳೇ ಪಿಡಬ್ಲ್ಯುಎಂ ಮಾತ್ರ ಅವತ್ತು ನಿವೃತ್ತಿಯಾಗಬೇಕು. ಲಿಥಿಯಂ ಮತ್ತು ಲೆಡ್ ಆಸಿಡ್ ಎರಡನ್ನೂ ಒಂದೇ ವೈರಿಗೆ ಕಟ್ಟುವ ಯೋಚನೆ ಯಾವತ್ತೂ ಬೇಡ.

ಬ್ಯಾಟರಿ ಹಸಿದದ್ದು ಎಂದು ತಿಳಿದರೆ ಹೊಸ ಪ್ಯಾನೆಲ್ ಹಾಕಿದ ಮೇಲೆ ಒಂದು ವಾರ ಕಡಿಮೆ ಖರ್ಚು ಮಾಡಿ, ಪೂರ್ತಿ ತುಂಬಲು ಬಿಡಿ. ಆಮೇಲೆ ಒಂದು ದಿನ ಈಕ್ವಲೈಸ್ ಮಾಡಿ: 30.5 ವೋಲ್ಟ್‌ನಷ್ಟರಲ್ಲಿ ಎರಡು ತಾಸು. ನೀರು ಹಾಕುವ ಬ್ಯಾಟರಿಗೆ ಮಾತ್ರ ಇದು, ಜೆಲ್ ಬ್ಯಾಟರಿಗೆ ಮಾಡಬಾರದು. ಹೈಡ್ರೋಜನ್ ಬರುತ್ತದೆ, ಕಿಟಕಿ ತೆಗೆದಿಡಿ, ಹತ್ತಿರ ಬೆಂಕಿ, ಕಿಡಿ ಬೇಡ. ಇನ್ವರ್ಟರ್ ಆಫ್ ಇರಲಿ, ಆ ವೋಲ್ಟೇಜಿಗೆ ಅದು ಕಿರುಚಬಹುದು. ಮತ್ತೆ ಹನ್ನೆರಡು ಗ್ರಾವಿಟಿ ಬರೆದು ಹಳೇ ಹಾಳೆಯ ಪಕ್ಕ ಇಟ್ಟು ನೋಡಿ. ಏರಿದ್ದರೆ ಬ್ಯಾಟರಿ ಉಳಿಯಿತು.

ವೈರಿಂಗ್‌ನಲ್ಲಿ ಜನ ಎಡವುವುದು ಕಂಟ್ರೋಲರ್ ಎಲ್ಲಿಡಬೇಕು ಎಂಬುದರಲ್ಲಿ. ಬ್ಯಾಟರಿಯ ಪಕ್ಕದಲ್ಲೇ ಇಡಿ, ಉದ್ದದ ವೈರ್ ಪ್ಯಾನೆಲ್ ಕಡೆ ಇರಲಿ. 10 ಮೀಟರ್ ದೂರಕ್ಕೆ 4 ಸ್ಕ್ವೇರ್ ಎಂಎಂ ವೈರ್ ಹಾಕಿದರೆ ಹೋಗಿ ಬರುವ 20 ಮೀಟರ್‌ನಲ್ಲಿ ಸುಮಾರು 0.1 ಓಮ್. ಬ್ಯಾಟರಿ ಕಡೆ 20 ಆಂಪಿಗೆ ಅದು 2 ವೋಲ್ಟ್ ತಿನ್ನುತ್ತದೆ, 27ರಲ್ಲಿ 2 ಅಂದರೆ ಕಂಟ್ರೋಲರ್ ಬ್ಯಾಟರಿ ತುಂಬಿತು ಅಂತ ಮೋಸ ಹೋಗುತ್ತದೆ. ಅದೇ ವೈರ್ ಪ್ಯಾನೆಲ್ ಕಡೆ 13 ಆಂಪಿಗೆ 1.3 ವೋಲ್ಟ್ ತಿನ್ನುತ್ತದೆ, 41ರಲ್ಲಿ ಅದು ಲೆಕ್ಕಕ್ಕಿಲ್ಲ. ಕಂಟ್ರೋಲರ್‌ನಿಂದ ಬ್ಯಾಟರಿಗೆ 10 ಸ್ಕ್ವೇರ್ ಎಂಎಂ, ಆದಷ್ಟು ಗಿಡ್ಡ, ನಡುವೆ ಬ್ಯಾಟರಿ ಹತ್ತಿರ ಫ್ಯೂಸ್. ಶಾರ್ಟ್ ಆದರೆ ಈ ಬ್ಯಾಟರಿ ಸಾವಿರ ಆಂಪ್ ದಾಟಿ ಹರಿಸಬಲ್ಲದು. ಸ್ಪ್ಯಾನರ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ, ಬೆರಳಿನ ಉಂಗುರ ತೆಗೆದಿಟ್ಟು ಕೆಲಸ ಮಾಡಿ.

ಬ್ರೇಕರ್ ಡಿಸಿಯದೇ ಬೇಕು. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಹಾಗಾಗಿ ಎಸಿ ಬ್ರೇಕರ್‌ನೊಳಗಿನ ಕಿಡಿ ತಾನೇ ಆರುತ್ತದೆ. ಡಿಸಿಗೆ ಆ ಸೊನ್ನೆಯೇ ಇಲ್ಲ, ಕಿಡಿ ಹಿಡಿದರೆ ಹಿಡಿದೇ ಇರುತ್ತದೆ. ಪ್ಯಾನೆಲ್‌ನ ಎಂಸಿ4 ಕನೆಕ್ಟರ್‌ಗಳನ್ನೂ ಬಿಸಿಲಲ್ಲಿ ಕರೆಂಟ್ ಹರಿಯುತ್ತಿರುವಾಗ ಕೀಳಬೇಡಿ.

ಜೋಡಿಸುವಾಗ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬ್ಯಾಟರಿ ನೋಡಿಯೇ ಅದು 12 ವೋಲ್ಟಾ 24 ವೋಲ್ಟಾ ಅಂತ ತಿಳಿದುಕೊಳ್ಳುವುದು. ಬಿಚ್ಚುವಾಗ ತಿರುಗಾಮುರುಗಾ, ಪ್ಯಾನೆಲ್ ಮೊದಲು.

ಎಲ್ಲ ಸರಿಹೋದ ಮೇಲೆ ಒಂದು ಮಧ್ಯಾಹ್ನ ನೀವು ನನಗೆ ಬರೆಯುತ್ತೀರಿ, ಎಲ್ಲರೂ ಬರೆಯುತ್ತಾರೆ: ಹೊಸ ಪ್ಯಾನೆಲ್ ಬರೀ 60 ವಾಟ್ ತೋರಿಸುತ್ತಿದೆ, ಮೋಸ ಹೋದೆನಾ ಅಂತ. ಆಗ ಅದೇ ಡಿಸ್‌ಪ್ಲೇಯಲ್ಲಿ ಬ್ಯಾಟರಿ ವೋಲ್ಟೇಜ್ ನೋಡಿ. 28.8 ಅಥವಾ ಫ್ಲೋಟ್‌ನ 27.2 ಇದ್ದರೆ ಬ್ಯಾಟರಿ ಹೊಟ್ಟೆ ತುಂಬಿ ಸಾಕು ಅನ್ನುತ್ತಿದೆ. ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಿ ಬನ್ನಿ. ವಾಟ್ ತಟ್ಟನೆ ಏರಿರುತ್ತದೆ.